ಕ್ರಯೋಮಾಡ್ಯೂಲ್ ಡಿಸೈನ್: ಡ್ರಾಯಿಂಗ್‌ಗೂ ಮುಂಚೆ ಶಾಖದ ಲೆಕ್ಕ

ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಸಮಯ ಬಂತೆಂದರೆ ನನಗೆ ಕ್ರಯೋಮಾಡ್ಯೂಲ್ ಬಗ್ಗೆ, ಅಂದರೆ ಕಣಗಳ ವೇಗ ಹೆಚ್ಚಿಸುವ ಯಂತ್ರದ (ಆಕ್ಸಿಲರೇಟರ್) ಅತಿ ತಣ್ಣನೆಯ ಭಾಗದ ಬಗ್ಗೆ, ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. “ಸರ್, ಕ್ರಯೋಮಾಡ್ಯೂಲ್ ಮಾಡೆಲ್ ಮಾಡಿದ್ದೀವಿ. ಮುಂದೆ ಏನು ಮಾಡೋದು?” ಪೀಣ್ಯದಲ್ಲಿ ಫ್ಯಾಬ್ರಿಕೇಶನ್ ಮಾಡುವ ಗೆಳೆಯರು ಕೇಳುವುದು ಬೇರೆ. “ಈ ಪೈಪ್ ಇಷ್ಟು ತೆಳು ಯಾಕೆ? ಇಷ್ಟೊಂದು ಬೆಲ್ಲೋಸ್ ಯಾಕೆ ಬೇಕು?”

ಎರಡೂ ಪ್ರಶ್ನೆಗೆ ಉತ್ತರ ಒಂದೇ ಕಡೆ ಇದೆ. ಕ್ರಯೋಮಾಡ್ಯೂಲ್ ಡಿಸೈನ್ ಕಂಪ್ಯೂಟರ್ ಮಾಡೆಲ್‌ನಿಂದ ಶುರುವಾಗುವುದಿಲ್ಲ. ಹೊರಗಿನ ಶಾಖ ಯಾವ ಯಾವ ದಾರಿಯಲ್ಲಿ ಒಳಗೆ ಬರುತ್ತದೆ ಎಂಬ ಲೆಕ್ಕದಿಂದ ಶುರುವಾಗುತ್ತದೆ. ಪೈಪಿನ ದಪ್ಪ, ಉದ್ದ, ಒಳಗಿನ ಭಾಗಗಳನ್ನು ಹೊರುವ ಕಂಬದ ಜಾಗ, ವಾಲ್ವಿನ ಅಳತೆ ಎಲ್ಲಾ ಆ ಲೆಕ್ಕದಿಂದಲೇ ಬರುತ್ತವೆ. ಆ ದಾರಿಯನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ನಾಲ್ಕು ಪದ

ಕ್ಯಾವಿಟಿ ಅಂದರೆ ನಿಯೋಬಿಯಂ ಲೋಹದ ಟೊಳ್ಳು ಪಾತ್ರೆ. ಒಳಗೆ ರೇಡಿಯೋ ಅಲೆ ತುಂಬಿರುತ್ತದೆ. ನಡುವೆ ಹಾದುಹೋಗುವ ಕಣಗಳಿಗೆ ಆ ಅಲೆ ಮುಂದಕ್ಕೆ ತಳ್ಳು ಕೊಡುತ್ತದೆ. ನಿಯೋಬಿಯಂ ಸುಮಾರು 9.2 ಕೆಲ್ವಿನ್‌ಗಿಂತ ಕೆಳಗೆ ಸೂಪರ್‌ಕಂಡಕ್ಟರ್ ಆಗುತ್ತದೆ, ಅಂದರೆ ವಿದ್ಯುತ್ತಿಗೆ ರೋಧ ಇಲ್ಲದ ಲೋಹ. ಕೆಲ್ವಿನ್ ಅಂದರೆ ಮೈನಸ್ 273 ಡಿಗ್ರಿ ಸೆಲ್ಸಿಯಸ್ ಅನ್ನು ಸೊನ್ನೆ ಅಂತ ಇಟ್ಟು ಎಣಿಸುವ ತಾಪಮಾನ.

ಹೀಲಿಯಂ ವೆಸೆಲ್ ಅಂದರೆ ಕ್ಯಾವಿಟಿಯ ಸುತ್ತ ಇರುವ, ದ್ರವ ಹೀಲಿಯಂ ತುಂಬಿದ ಪಾತ್ರೆ. ಥರ್ಮಲ್ ಶೀಲ್ಡ್ ಅಂದರೆ ಅದರ ಹೊರಗೆ, ನಡುವಿನ ತಾಪಮಾನದಲ್ಲಿ ಇಡುವ ತಾಮ್ರ ಅಥವಾ ಅಲ್ಯೂಮಿನಿಯಂ ಹೊದಿಕೆ. ಎಲ್ಲಕ್ಕಿಂತ ಹೊರಗಿನದು ವ್ಯಾಕ್ಯೂಮ್ ವೆಸೆಲ್, ಗಾಳಿ ತೆಗೆದ ದೊಡ್ಡ ಸಿಲಿಂಡರ್. ಈ ನಾಲ್ಕೂ ಸೇರಿದ್ದು ಕ್ರಯೋಮಾಡ್ಯೂಲ್. ಮನೆಯ ಕಾಫಿ ಫ್ಲಾಸ್ಕ್ ನೆನಪಿಸಿಕೊಳ್ಳಿ, ಕೆಲಸದ ತತ್ವ ಅದೇ.

ಗಾತ್ರದ ಅಂದಾಜಿಗೆ ಒಂದು ಉದಾಹರಣೆ. ಜರ್ಮನಿಯ ಹ್ಯಾಂಬರ್ಗ್‌ನ ಯುರೋಪಿಯನ್ ಎಕ್ಸ್‌ಎಫ್‌ಇಎಲ್ ಎಂಬ ಎಕ್ಸ್‌ರೇ ಲೇಸರ್ ಯಂತ್ರದಲ್ಲಿ ಒಂದೊಂದು ಮಾಡ್ಯೂಲ್ 12 ಮೀಟರ್ ಉದ್ದ. ಪ್ರತಿಯೊಂದರಲ್ಲಿ 8 ಕ್ಯಾವಿಟಿ. ಅಂಥ ಸುಮಾರು ನೂರು ಮಾಡ್ಯೂಲ್ ಸಾಲಾಗಿ ಕೂತಿವೆ. ನಮ್ಮಲ್ಲೂ ಈ ಕೆಲಸ ಇದೆ. ದೆಹಲಿಯ ಆಕ್ಸಿಲರೇಟರ್ ಕೇಂದ್ರ ಐಯುಎಸಿಯಲ್ಲಿ ನಿಯೋಬಿಯಂ ಕ್ಯಾವಿಟಿಗಳ ಲೀನಿಯರ್ ಆಕ್ಸಿಲರೇಟರ್ ನಡೆಯುತ್ತಿದೆ. ನಮ್ಮ ತುಮಕೂರು ಜಿಲ್ಲೆಯ ರಾಜಾ ರಾಮಣ್ಣ ಅವರ ಹೆಸರಿನ ಇಂದೋರ್ ಕೇಂದ್ರ, ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದ ಪಿಐಪಿ-2 ಆಕ್ಸಿಲರೇಟರ್ ಯೋಜನೆಯಲ್ಲಿ ಪಾಲು ತೆಗೆದುಕೊಂಡಿದೆ. ಹಾಗಾಗಿ ಈ ವಿಷಯ ಕಲಿತರೆ ಕೆಲಸಕ್ಕೆ ಬರುತ್ತದೆ, ಬರೀ ಪ್ರಾಜೆಕ್ಟ್ ರಿಪೋರ್ಟ್‌ಗಲ್ಲ.

ಕೈಯಲ್ಲಿ ಏನಿರಬೇಕು

ಒಂದು ಸ್ಪ್ರೆಡ್‌ಶೀಟ್. ವಸ್ತುಗಳ ಕಡಿಮೆ ತಾಪಮಾನದ ಗುಣಗಳ ಪಟ್ಟಿ. ಹೀಲಿಯಂನ ಒತ್ತಡ–ತಾಪಮಾನ ಕೋಷ್ಟಕ. ಮೊದಲ ತಿಂಗಳಿಗೆ ಇಷ್ಟು ಸಾಕು. ಅನಾಲಿಸಿಸ್ ಸಾಫ್ಟ್‌ವೇರ್ ಆಮೇಲೆ ತೆರೆಯಿರಿ. ಕೈಲೆಕ್ಕದಲ್ಲಿ ಎಷ್ಟು ಬರಬೇಕು ಅಂತ ಗೊತ್ತಿಲ್ಲದೆ ಸಾಫ್ಟ್‌ವೇರ್ ಓಡಿಸಿದರೆ, ತಪ್ಪು ಉತ್ತರ ಬಂದರೂ ಗೊತ್ತಾಗುವುದಿಲ್ಲ.

ಹಂತ 1: ಕ್ಯಾವಿಟಿ ಎಷ್ಟು ಶಾಖ ಹುಟ್ಟಿಸುತ್ತದೆ?

ಸೂಪರ್‌ಕಂಡಕ್ಟರ್ ಅಂದಮೇಲೆ ಶಾಖ ಸೊನ್ನೆ ಅಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ನೇರ ವಿದ್ಯುತ್ತಿಗೆ ಅದು ನಿಜ. ರೇಡಿಯೋ ಅಲೆಗೆ ಸ್ವಲ್ಪ ರೋಧ ಉಳಿದೇ ಇರುತ್ತದೆ. ತಾಪಮಾನ ಇಳಿದಂತೆ ಆ ರೋಧ ಬಹಳ ವೇಗವಾಗಿ ಇಳಿಯುತ್ತದೆ. ಅದಕ್ಕೇ 1.3 ಗಿಗಾಹರ್ಟ್ಸ್ ಥರದ ಕ್ಯಾವಿಟಿಗಳನ್ನು 4.2 ಕೆಲ್ವಿನ್‌ನಲ್ಲಿ ಬಿಡದೆ 2 ಕೆಲ್ವಿನ್‌ಗೆ ಇಳಿಸುತ್ತಾರೆ.

ಲೆಕ್ಕ ಹೀಗೆ: ವೋಲ್ಟೇಜ್‌ನ ವರ್ಗವನ್ನು, ಕ್ಯಾವಿಟಿಯ ಆಕಾರದಿಂದ ಬರುವ ಒಂದು ಸಂಖ್ಯೆಯಿಂದಲೂ ಕ್ಯೂ-ಸೊನ್ನೆಯಿಂದಲೂ ಭಾಗಿಸಿ. ಕ್ಯೂ-ಸೊನ್ನೆ ಅಂದರೆ ಕ್ಯಾವಿಟಿ ತನ್ನೊಳಗಿನ ಶಕ್ತಿಯನ್ನು ಎಷ್ಟು ಚೆನ್ನಾಗಿ ಹಿಡಿದಿಡುತ್ತದೆ ಎನ್ನುವ ಅಳತೆ. ಒಂಬತ್ತು ಸೆಲ್‌ನ (ಸಾಲಾಗಿ ಸೇರಿದ ಒಂಬತ್ತು ಉಬ್ಬುಗಳ) 1.3 ಗಿಗಾಹರ್ಟ್ಸ್ ಕ್ಯಾವಿಟಿಗೆ ಆಕಾರದ ಸಂಖ್ಯೆ 1036 ಓಮ್. ಮೀಟರಿಗೆ 16 ಮೆಗಾವೋಲ್ಟ್, ಉದ್ದ 1.04 ಮೀಟರ್, ಕ್ಯೂ-ಸೊನ್ನೆ 2.7×10¹⁰ ಅಂತ ಹಾಕಿ. ಸುಮಾರು 10 ವ್ಯಾಟ್ ಬರುತ್ತದೆ. ಇವು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಎಲ್‌ಸಿಎಲ್‌ಎಸ್-2 ಎಂಬ ಎಕ್ಸ್‌ರೇ ಲೇಸರ್ ಯಂತ್ರಕ್ಕೆ ಇಟ್ಟುಕೊಂಡ ಗುರಿಯ ಅಂಕಿಗಳು. ಕ್ಯೂ-ಸೊನ್ನೆ 1×10¹⁰ಕ್ಕೆ ಇಳಿದರೆ ಅದೇ ಕ್ಯಾವಿಟಿ 27 ವ್ಯಾಟ್ ಕೊಡುತ್ತದೆ.

ಹತ್ತು ವ್ಯಾಟ್ ಅಂದರೆ ಒಂದು ಸಣ್ಣ ಎಲ್‌ಇಡಿ ಬಲ್ಬ್. ಆದರೆ 2 ಕೆಲ್ವಿನ್‌ನಲ್ಲಿ ಒಂದು ವ್ಯಾಟ್ ಶಾಖ ಹೊರಗೆ ತೆಗೆಯಲು ದೊಡ್ಡ ಪ್ಲಾಂಟ್‌ನಲ್ಲೂ ಸುಮಾರು 800ರಿಂದ 1000 ವ್ಯಾಟ್ ಕರೆಂಟ್ ಬೇಕು. ಎಂಟು ಕ್ಯಾವಿಟಿಯ ಒಂದು ಮಾಡ್ಯೂಲ್‌ಗೆ ಸುಮಾರು 70 ಕಿಲೋವ್ಯಾಟ್ ಆಯಿತು.

ಇಲ್ಲಿ ಸಾಮಾನ್ಯ ತಪ್ಪು: ಅಲೆ ಬಿಟ್ಟು ಬಿಟ್ಟು ಬರುವ ಯಂತ್ರ, ಸದಾ ಬರುವ ಯಂತ್ರ ಎರಡಕ್ಕೂ ಒಂದೇ ಡಿಸೈನ್ ನಕಲು ಮಾಡುವುದು. ಎಕ್ಸ್‌ಎಫ್‌ಇಎಲ್ ಮೊದಲನೆಯ ಜಾತಿ, ಎಲ್‌ಸಿಎಲ್‌ಎಸ್-2 ಎರಡನೆಯದು. ಹೊರಗಿಂದ ನೋಡಲು ಮಾಡ್ಯೂಲ್ ಒಂದೇ ಥರ. ಒಳಗಿನ ಹೀಲಿಯಂ ದಾರಿಯ ಅಳತೆ ಬೇರೆ.

ಹಂತ 2: ಹೊರಗಿಂದ ಬರುವ ಶಾಖದ ಖಾತೆ

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ಸ್ಪ್ರೆಡ್‌ಶೀಟ್‌ನಲ್ಲಿ ಮೂರು ಕಾಲಂ ಮಾಡಿ: ಶೀಲ್ಡ್‌ಗೆ ಬೀಳುವ ಶಾಖ, ಶೀಲ್ಡ್‌ಗೂ ಹೀಲಿಯಂಗೂ ನಡುವೆ 5 ಕೆಲ್ವಿನ್ ಹಂತ ಇದ್ದರೆ ಅದಕ್ಕೆ ಬೀಳುವುದು, ಹೀಲಿಯಂಗೆ ಬೀಳುವುದು. ಒಳಗೂ ಹೊರಗೂ ಮುಟ್ಟುವ ಪ್ರತಿ ವಸ್ತುವಿಗೂ ಒಂದು ಸಾಲು. ಕಂಬ, ಪೈಪ್, ಕಪ್ಲರ್, ಸೆನ್ಸರ್ ವೈರ್, ಎಲ್ಲದಕ್ಕೂ. ಕಪ್ಲರ್ ಅಂದರೆ ಹೊರಗಿಂದ ಕ್ಯಾವಿಟಿಗೆ ರೇಡಿಯೋ ಶಕ್ತಿ ತರುವ ಕೊಳವೆ.

ಮೂರು ಕಾಲಂ ಯಾಕೆ? ಒಂದು ವ್ಯಾಟ್ ಶಾಖ 4.2 ಕೆಲ್ವಿನ್‌ನ ದ್ರವ ಹೀಲಿಯಂಗೆ ಬಿದ್ದರೆ ಗಂಟೆಗೆ 1.4 ಲೀಟರ್ ಆವಿಯಾಗುತ್ತದೆ. ಅದೇ ಒಂದು ವ್ಯಾಟ್, ಶೀಲ್ಡ್ ತಣ್ಣಗಿಡುವ ದ್ರವ ನೈಟ್ರೋಜನ್‌ಗೆ ಬಿದ್ದರೆ ಗಂಟೆಗೆ ಬರೀ 0.02 ಲೀಟರ್ ಹೋಗುತ್ತದೆ. ನೈಟ್ರೋಜನ್ ಅಗ್ಗ, ಹೀಲಿಯಂ ದುಬಾರಿ. ಹಾಗಾಗಿ ಶಾಖ ಬರುವುದನ್ನು ಪೂರ್ತಿ ತಡೆಯಲು ಆಗದಿದ್ದರೆ, ದಾರಿಯಲ್ಲೇ ಹಿಡಿದು ಶೀಲ್ಡ್‌ಗೆ ಕೊಡಬೇಕು. ಇದಕ್ಕೆ ಇಂಟರ್‌ಸೆಪ್ಟ್ ಅನ್ನುತ್ತಾರೆ.

ಒಂದು ಪೈಪಿನ ಲೆಕ್ಕ ಮಾಡಿ ನೋಡೋಣ. 42 ಮಿಲಿಮೀಟರ್ ಹೊರವ್ಯಾಸ, 1 ಮಿಲಿಮೀಟರ್ ದಪ್ಪ, 30 ಸೆಂಟಿಮೀಟರ್ ಉದ್ದದ ಸ್ಟೇನ್‌ಲೆಸ್ ಪೈಪ್. ಒಂದು ತುದಿ ಕೋಣೆಯ ತಾಪಮಾನ, 300 ಕೆಲ್ವಿನ್. ಇನ್ನೊಂದು ತುದಿ 4 ಕೆಲ್ವಿನ್. ಸ್ಟೇನ್‌ಲೆಸ್‌ನ ಶಾಖವಾಹಕತೆ ತಾಪಮಾನದ ಜೊತೆ ಬದಲಾಗುತ್ತದೆ. ಅದಕ್ಕೆ ಒಟ್ಟುಗೂಡಿಸಿದ ಅಂಕಿ ಬಳಸಬೇಕು. 300ರಿಂದ 4ರವರೆಗೆ ಅದು ಮೀಟರಿಗೆ ಸುಮಾರು 3060 ವ್ಯಾಟ್. ಪೈಪಿನ ಅಡ್ಡಕೊಯ್ತ 129 ಚದರ ಮಿಲಿಮೀಟರ್. ಗುಣಿಸಿ ಉದ್ದದಿಂದ ಭಾಗಿಸಿದರೆ 1.3 ವ್ಯಾಟ್. ದಿನಕ್ಕೆ 44 ಲೀಟರ್ ಹೀಲಿಯಂ, ಒಂದೇ ಪೈಪಿಗೆ!

ಈಗ ಅದೇ ಪೈಪಿನ ನಡುವೆ ತಾಮ್ರದ ಪಟ್ಟಿ ಕಟ್ಟಿ 77 ಕೆಲ್ವಿನ್ ಶೀಲ್ಡ್‌ಗೆ ಸೇರಿಸಿ. 77ರಿಂದ 4ರವರೆಗಿನ ಅಂಕಿ ಮೀಟರಿಗೆ ಸುಮಾರು 317 ವ್ಯಾಟ್. ಉಳಿದ 15 ಸೆಂಟಿಮೀಟರ್‌ಗೆ ಲೆಕ್ಕ ಹಾಕಿದರೆ ಹೀಲಿಯಂಗೆ ಬೀಳುವುದು 0.27 ವ್ಯಾಟ್. ದಿನಕ್ಕೆ 9 ಲೀಟರ್. ಶೀಲ್ಡ್‌ಗೆ 2.1 ವ್ಯಾಟ್ ಬೀಳುತ್ತದೆ, ಪರವಾಗಿಲ್ಲ. ಪೀಣ್ಯದ ಗೆಳೆಯರೇ, ಪೈಪ್ ತೆಳುವಾಗಿ ಉದ್ದವಾಗಿ ಇರುವುದು ಇದಕ್ಕೇ. ಒಂದರ ಬದಲು 3 ಮಿಲಿಮೀಟರ್ ದಪ್ಪದ ಪೈಪ್ ಹಾಕಿದರೆ ಶಾಖ ಹತ್ತಿರಹತ್ತಿರ ಮೂರು ಪಟ್ಟಾಗುತ್ತದೆ. “ಗಟ್ಟಿಯಾಗಿರಲಿ” ಅಂತ ದಯವಿಟ್ಟು ಬದಲಾಯಿಸಬೇಡಿ. ತಾಮ್ರದ ಪೈಪಂತೂ ಬೇಡವೇ ಬೇಡ, ಅದು ಸ್ಟೇನ್‌ಲೆಸ್‌ಗಿಂತ ಐವತ್ತು ಪಟ್ಟು ಶಾಖ ಸಾಗಿಸುತ್ತದೆ.

ಮುಂದಿನದು ವಿಕಿರಣ. 300 ಕೆಲ್ವಿನ್‌ನ ಕಪ್ಪು ಮೇಲ್ಮೈ ಚದರ ಮೀಟರಿಗೆ 460 ವ್ಯಾಟ್ ಸೂಸುತ್ತದೆ. 77 ಕೆಲ್ವಿನ್‌ನದು ಬರೀ 2 ವ್ಯಾಟ್. ಶೀಲ್ಡ್ ಇಡುವುದು ಯಾಕೆ ಅಂತ ಈ ಎರಡು ಅಂಕಿಯೇ ಹೇಳುತ್ತವೆ. ಶೀಲ್ಡ್ ಮೇಲೆ ಎಂಎಲ್‌ಐ ಸುತ್ತುತ್ತಾರೆ. ಅಲ್ಯೂಮಿನಿಯಂ ಲೇಪಿಸಿದ ತೆಳು ಪ್ಲಾಸ್ಟಿಕ್ ಹಾಳೆ, ನಡುನಡುವೆ ಬಲೆ ಬಟ್ಟೆ. ಶೀಲ್ಡ್ ಮೇಲೆ 30 ಪದರ, ಹೀಲಿಯಂ ವೆಸೆಲ್ ಮೇಲೆ 10 ಪದರ ರೂಢಿಯಲ್ಲಿದೆ. ಲೆಕ್ಕಕ್ಕೆ ಶೀಲ್ಡ್‌ಗೆ ಚದರ ಮೀಟರಿಗೆ 1.5 ವ್ಯಾಟ್, ಒಳಗಿನದಕ್ಕೆ 0.1 ವ್ಯಾಟ್ ಹಿಡಿಯಿರಿ. ಮಾರುವವರ ಪಟ್ಟಿಯಲ್ಲಿ ಇದಕ್ಕಿಂತ ಚೆಂದದ ಅಂಕಿ ಇರುತ್ತದೆ. ಅದು ಮೂಲೆ, ತೂತು, ಜೋಡಣೆ ಇಲ್ಲದ ಸಪಾಟಾದ ಮೇಲ್ಮೈಯದ್ದು.

ಎಂಎಲ್‌ಐ ಸುತ್ತುವಾಗ ಆಗುವ ತಪ್ಪುಗಳು ಎರಡು. ಒಂದು, ಹಗ್ಗದ ಹಾಗೆ ಬಿಗಿದು ಕಟ್ಟುವುದು. ಪದರಗಳು ಒಂದಕ್ಕೊಂದು ಒತ್ತಿಕೊಂಡರೆ ಶಾಖ ಮುಟ್ಟಿ ಮುಟ್ಟಿ ಒಳಗೆ ಹೋಗುತ್ತದೆ. ಸಡಿಲವಾಗಿ, ಕಂಬಳಿ ಹೊದಿಸಿದ ಹಾಗಿರಲಿ. ಎರಡು, ಹೊರಗಿನ ಬಿಸಿ ಪದರದ ಅಂಚು ಒಳಗಿನ ತಣ್ಣನೆಯ ಪದರಕ್ಕೆ ತಗಲುವುದು. ಜೋಡಣೆಯಲ್ಲಿ ಒಂದನೇ ಪದರ ಒಂದನೇ ಪದರಕ್ಕೇ ಸೇರಬೇಕು.

ಸೆನ್ಸರ್ ವೈರ್‌ಗಳನ್ನು ಮರೆಯಬೇಡಿ. ನೂರಾರು ತಾಮ್ರದ ವೈರ್ ಸೇರಿದರೆ ಒಂದು ಪೈಪಿನಷ್ಟು ಶಾಖ ತರುತ್ತವೆ. ಮ್ಯಾಂಗನಿನ್ ಅಥವಾ ಫಾಸ್ಫರ್ ಬ್ರಾಂಜ್ ವೈರ್ ಬಳಸಿ. ಶೀಲ್ಡ್ ಹತ್ತಿರ ಒಂದೆರಡು ಸುತ್ತು ಸುತ್ತಿ ಅಂಟಿಸಿ.

ಕೊನೆಗೆ ಎಲ್ಲಾ ಕೂಡಿಸಿ, ಮೀಸಲಿಗಾಗಿ ಆ ಮೊತ್ತವನ್ನು ಒಂದೂವರೆಯಿಂದ ಗುಣಿಸಿ.

ಹಂತ 3: ಹೀಲಿಯಂ ದಾರಿ

ಹೀಲಿಯಂ 2.17 ಕೆಲ್ವಿನ್‌ಗಿಂತ ಕೆಳಗೆ ಸೂಪರ್‌ಫ್ಲೂಯಿಡ್ ಆಗುತ್ತದೆ. ಆಗ ಒಳಗೆ ಗುಳ್ಳೆ ಏಳುವುದಿಲ್ಲ. ಶಾಖ ದ್ರವದ ಮೂಲಕ ಸರಾಗವಾಗಿ ಮೇಲಕ್ಕೆ ಹೋಗಿ ಮೇಲ್ಮೈಯಲ್ಲಿ ಮಾತ್ರ ಆವಿಯಾಗುತ್ತದೆ. ಕ್ಯಾವಿಟಿ ಅಲುಗಾಡದೆ ನಿಲ್ಲಲು ಇದು ದೊಡ್ಡ ಅನುಕೂಲ. ಆದರೆ ಈ ಸಾಗಣೆಗೂ ಮಿತಿ ಇದೆ. ಹೀಲಿಯಂ ವೆಸೆಲ್‌ನಿಂದ ಮೇಲೆ ಹೋಗುವ ಕೊಳವೆಗೆ ಚದರ ಸೆಂಟಿಮೀಟರಿಗೆ ಸುಮಾರು 1 ವ್ಯಾಟ್ ಅಂತ ಇಟ್ಟುಕೊಳ್ಳುತ್ತಾರೆ. 27 ವ್ಯಾಟ್ ಬರುವ ಕಡೆ 50 ಮಿಲಿಮೀಟರ್ ಕೊಳವೆ ಇಟ್ಟರೆ ಮಿತಿ ದಾಟಿದಿರಿ ಅಂತಲೇ ಅರ್ಥ. ದೊಡ್ಡದು ಮಾಡಿ.

2 ಕೆಲ್ವಿನ್ ಬೇಕಾದರೆ ಹೀಲಿಯಂ ಮೇಲಿನ ಒತ್ತಡವನ್ನು ಸುಮಾರು 31 ಮಿಲಿಬಾರ್‌ಗೆ ಇಳಿಸಬೇಕು. ಇಲ್ಲಿ ಪಂಪ್ ಆಯ್ಕೆಯಲ್ಲಿ ಎಡವುವವರು ಜಾಸ್ತಿ. 10 ವ್ಯಾಟ್‌ಗೆ ಸೆಕೆಂಡಿಗೆ 0.43 ಗ್ರಾಂ ಹೀಲಿಯಂ ಆವಿಯಾಗುತ್ತದೆ. ಕೇಳಲು ಏನೂ ಅಲ್ಲ. ಆದರೆ ಅದು ಕೋಣೆಯ ತಾಪಮಾನಕ್ಕೆ ಬಂದು 31 ಮಿಲಿಬಾರ್‌ನಲ್ಲಿ ಪಂಪ್ ತಲುಪುವಾಗ ಗಂಟೆಗೆ ಸುಮಾರು 310 ಘನ ಮೀಟರ್ ಆಗಿರುತ್ತದೆ. ಪಂಪ್ ಅಷ್ಟು ಎಳೆಯಬೇಕು. ನಡುವಿನ ಪೈಪಿನಲ್ಲಿ ಒತ್ತಡ ಬಿದ್ದರೆ ಇನ್ನೂ ಜಾಸ್ತಿ. 4.2ರಿಂದ 2ಕ್ಕೆ ಇಳಿಸುವಾಗ ದ್ರವದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆವಿಯಾಗಿ ಹೋಗುತ್ತದೆ, ಅದನ್ನೂ ತುಂಬುವ ಲೆಕ್ಕದಲ್ಲಿ ಸೇರಿಸಿ.

ಈ ಕಡೆಯ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಹಾಗಾಗಿ ಲೀಕ್ ಇದ್ದರೆ ಹೀಲಿಯಂ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೋಗಿ ಹೆಪ್ಪುಗಟ್ಟುತ್ತದೆ, ವಾಲ್ವ್ ಕಟ್ಟುತ್ತದೆ. ಪ್ರತಿ ಜೋಡಣೆಯ ಸೀಲ್ ಈ ಯೋಚನೆಯಿಂದ ನೋಡಿ.

ಬೆಂಗಳೂರಿನವರಿಗೆ ಒಂದು ವಿಶೇಷ ಮಾತು. ನಮ್ಮ ಊರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 910 ಮಿಲಿಬಾರ್. ಹಾಗಾಗಿ ತೆರೆದ ಪಾತ್ರೆಯ ದ್ರವ ಹೀಲಿಯಂ 4.2ರಲ್ಲಲ್ಲ, ಸುಮಾರು 4.1 ಕೆಲ್ವಿನ್‌ನಲ್ಲಿ ಕುದಿಯುತ್ತದೆ. ಸೆನ್ಸರ್ ಕೆಟ್ಟಿದೆ ಅಂತ ಬಿಚ್ಚಬೇಡಿ. ಇದಕ್ಕಿಂತ ಮುಖ್ಯ, ಗೇಜ್ ಒತ್ತಡವನ್ನು ನಿಜವಾದ ಒತ್ತಡಕ್ಕೆ ಬದಲಾಯಿಸುವಾಗ ಸುಮ್ನೆ 1 ಬಾರ್ ಕೂಡಿಸಬೇಡಿ. 0.91 ಕೂಡಿಸಿ.

ಹಂತ 4: ಯಾವ ಲೋಹ ಎಲ್ಲಿ

ತಣ್ಣಗಿನ ಭಾಗಕ್ಕೆ 304ಎಲ್ ಅಥವಾ 316ಎಲ್ ಸ್ಟೇನ್‌ಲೆಸ್. ಕ್ಯಾವಿಟಿಗೆ ಹತ್ತಿರ ಇದ್ದರೆ 316ಎಲ್ ಮೇಲು, ತಣ್ಣಗಾದಾಗ ಆಯಸ್ಕಾಂತ ಗುಣ ಬೆಳೆಸಿಕೊಳ್ಳುವುದು ಕಡಿಮೆ. ಎಂಎಸ್, ಅಂದರೆ ಮಾಮೂಲಿ ಕಬ್ಬಿಣದ ಉಕ್ಕು, ಚಳಿಗೆ ಗಾಜಿನ ಹಾಗೆ ಒಡೆಯುತ್ತದೆ. ಹೊರಗಿನ ವ್ಯಾಕ್ಯೂಮ್ ವೆಸೆಲ್‌ಗೆ ಮಾತ್ರ ಅದನ್ನು ಬಳಸಬಹುದು. ಹೀಲಿಯಂ ವೆಸೆಲ್‌ಗೆ ಟೈಟಾನಿಯಂ ತುಂಬಾ ಕಡೆ ಬಳಸುತ್ತಾರೆ, ಅದು ನಿಯೋಬಿಯಂನಷ್ಟೇ ಕುಗ್ಗುತ್ತದೆ. ಕಂಬಗಳಿಗೆ ಜಿ-10, ಅಂದರೆ ಗಾಜಿನ ನಾರು ಮತ್ತು ಎಪಾಕ್ಸಿ.

ರಬ್ಬರ್ ಓ-ರಿಂಗ್ ತಣ್ಣನೆಯ ಜಾಗದಲ್ಲಿ ಕಲ್ಲಾಗಿ ಸೋರುತ್ತದೆ. ಅಲ್ಲಿ ಇಂಡಿಯಂ ತಂತಿ ಅಥವಾ ಲೋಹದ ಗ್ಯಾಸ್ಕೆಟ್. ಹೊರಗಿನ ಫ್ಲೇಂಜ್‌ನಲ್ಲಿ ಓ-ರಿಂಗ್ ಇದ್ದರೂ, ತಣ್ಣನೆಯ ಪೈಪ್ ಅದರ ಪಕ್ಕದಲ್ಲೇ ಹೊರಬರುತ್ತಿದ್ದರೆ ಅದೂ ಹೆಪ್ಪುಗಟ್ಟಬಹುದು, ದೂರ ಇಡಿ.

ಹಂತ 5: ಎಲ್ಲವೂ ಕುಗ್ಗುತ್ತದೆ, ಬೇರೆ ಬೇರೆ ಅಳತೆಯಲ್ಲಿ

300ರಿಂದ 4 ಕೆಲ್ವಿನ್‌ಗೆ ಇಳಿದಾಗ ಪ್ರತಿ ಮೀಟರ್ ಸ್ಟೇನ್‌ಲೆಸ್ ಸುಮಾರು 3 ಮಿಲಿಮೀಟರ್ ಕುಗ್ಗುತ್ತದೆ. ಅಲ್ಯೂಮಿನಿಯಂ 4ಕ್ಕಿಂತ ಸ್ವಲ್ಪ ಜಾಸ್ತಿ. ತಾಮ್ರ 3.3. ನಿಯೋಬಿಯಂ, ಟೈಟಾನಿಯಂ ಸುಮಾರು 1.5. ಇನ್ವಾರ್ ಎಂಬ ಮಿಶ್ರಲೋಹ ಅರ್ಧ ಮಿಲಿಮೀಟರ್‌ಗೂ ಕಡಿಮೆ.

12 ಮೀಟರ್ ಮಾಡ್ಯೂಲ್‌ಗೆ ಇದನ್ನು ಹಾಕಿ. ಸ್ಟೇನ್‌ಲೆಸ್ ಪೈಪ್ 36 ಮಿಲಿಮೀಟರ್ ಗಿಡ್ಡವಾಗುತ್ತದೆ, ಅಲ್ಯೂಮಿನಿಯಂ ಶೀಲ್ಡ್ ಐವತ್ತರ ಹತ್ತಿರ. ಹೊರಗಿನ ವೆಸೆಲ್ ಮಾತ್ರ ಕೋಣೆಯ ತಾಪಮಾನದಲ್ಲಿ ಹಾಗೇ ಇರುತ್ತದೆ. ಎರಡನ್ನೂ ಎರಡು ತುದಿಯಲ್ಲಿ ಬಿಗಿದರೆ ಏನೋ ಒಂದು ಕಿತ್ತುಬರಲೇಬೇಕು.

ಮಾಡಬೇಕಾದ್ದು ಹೀಗೆ. ಉದ್ದದ ನಡುವೆ ಒಂದೇ ಕಂಬವನ್ನು ಸ್ಥಿರವಾಗಿಡಿ. ಉಳಿದ ಕಂಬಗಳು ಜಾರಲಿ. ಆಗ ಎರಡೂ ತುದಿ ನಡುವಿನ ಕಡೆಗೆ ಅರ್ಧರ್ಧ ಬರುತ್ತವೆ. ಆದರೆ ಕಪ್ಲರ್‌ಗಳು ಹೊರಗಿನ ವೆಸೆಲ್‌ಗೆ ಕಚ್ಚಿಕೊಂಡಿರುತ್ತವಲ್ಲ, ಕ್ಯಾವಿಟಿ ಜಾರಿದರೆ ಅವು ಬಾಗುತ್ತವೆ. ಎಕ್ಸ್‌ಎಫ್‌ಇಎಲ್ ಥರದ ಮಾಡ್ಯೂಲ್‌ನಲ್ಲಿ ಇದಕ್ಕೆ ಇನ್ವಾರ್ ಸರಳು ಬಳಸಿದ್ದಾರೆ. ಕ್ಯಾವಿಟಿಗಳು ದೊಡ್ಡ ಸ್ಟೇನ್‌ಲೆಸ್ ಪೈಪಿನಿಂದ ಜಾರುವ ಹಿಡಿಕೆಯಲ್ಲಿ ನೇತಾಡುತ್ತವೆ. ಉದ್ದದ ಸ್ಥಾನವನ್ನು ಮಾತ್ರ ಇನ್ವಾರ್ ಸರಳು ಹಿಡಿದಿಡುತ್ತದೆ. ಪೈಪ್ ಕುಗ್ಗಿದರೂ ಕ್ಯಾವಿಟಿ ಇದ್ದಲ್ಲೇ ಇರುತ್ತದೆ. ನನಗೆ ಇಡೀ ಮಾಡ್ಯೂಲ್‌ನಲ್ಲಿ ತುಂಬಾ ಇಷ್ಟವಾದ ಭಾಗ ಇದು. ಡ್ರಾಯಿಂಗ್ ಸಿಕ್ಕಿದರೆ ಒಂದು ಸಂಜೆ ಕೂತು ನೋಡಿ.

ಎತ್ತರದಲ್ಲೂ ಚಲನೆ ಇದೆ. ಕೋಣೆಯ ತಾಪಮಾನದಲ್ಲಿ ಅಲೈನ್ ಮಾಡುವಾಗ ಒಂದೆರಡು ಮಿಲಿಮೀಟರ್ ಲೆಕ್ಕ ಹಾಕಿ ಮೊದಲೇ ಸರಿಸಿಡಬೇಕು, ತಣ್ಣಗಾದ ಮೇಲೆ ಸರಿಯಾದ ಜಾಗಕ್ಕೆ ಬರುವ ಹಾಗೆ.

ಬೆಲ್ಲೋಸ್ ಅಂದರೆ ಮಡಿಕೆ ಮಡಿಕೆಯಾದ, ಹಿಗ್ಗಿ ಕುಗ್ಗುವ ಪೈಪ್ ತುಂಡು. ಕುಗ್ಗುವಿಕೆಗೆ ಜಾಗ ಕೊಡುವುದು ಅದರ ಕೆಲಸ. ಆದರೆ ಒಳಗೆ ಒತ್ತಡ ಬಂದಾಗ ಅದು ಎರಡೂ ಕಡೆಗೆ ತಳ್ಳುತ್ತದೆ. ಸರಾಸರಿ ವ್ಯಾಸ 100 ಮಿಲಿಮೀಟರ್, ಒತ್ತಡ 3 ಬಾರ್ ಇದ್ದರೆ ಆ ತಳ್ಳು ಸುಮಾರು 240 ಕಿಲೋ ತೂಕದಷ್ಟು. ಕುಗ್ಗುವ ಲೆಕ್ಕ ಮಾಡಿ ಈ ತಳ್ಳನ್ನು ಬಿಡುವುದು ನಾನು ನೋಡುವ ಪ್ರಾಜೆಕ್ಟ್‌ಗಳಲ್ಲಿ ಅತಿ ಸಾಮಾನ್ಯ ತಪ್ಪು. ಸ್ಥಿರ ಕಂಬ ಅಷ್ಟನ್ನೂ ತಡೆಯಬೇಕು. ಅದಕ್ಕೆ ಕಂಬ ದಪ್ಪ ಮಾಡಿದರೆ ಶಾಖ ಜಾಸ್ತಿ ಬರುತ್ತದೆ, ಮತ್ತೆ ಹಂತ 2ಕ್ಕೆ ಹೋಗಬೇಕು. ಹೀಗೆ ಮೂರು ನಾಲ್ಕು ಸಲ ಸುತ್ತುವುದು ಸಹಜ. ಬೇಸರ ಮಾಡಿಕೊಳ್ಳಬೇಡಿ.

ಹಂತ 6: ಭೂಮಿಯ ಆಯಸ್ಕಾಂತ ಕ್ಷೇತ್ರ

ಬೆಂಗಳೂರಿನಲ್ಲಿ ಭೂಮಿಯ ಕ್ಷೇತ್ರ ಸುಮಾರು 400 ಮಿಲಿಗಾಸ್. ನಿಯೋಬಿಯಂ ಸೂಪರ್‌ಕಂಡಕ್ಟರ್ ಆಗುವ ಹೊತ್ತಿನಲ್ಲಿ ಈ ಕ್ಷೇತ್ರ ಒಳಗೆ ಸಿಕ್ಕಿಕೊಂಡರೆ ಪ್ರತಿ ಮಿಲಿಗಾಸ್‌ಗೆ 1.3 ಗಿಗಾಹರ್ಟ್ಸ್‌ನಲ್ಲಿ ಸುಮಾರು 0.35 ನ್ಯಾನೋ ಓಮ್ ರೋಧ ಸೇರುತ್ತದೆ. ಒಳ್ಳೆಯ ಕ್ಯಾವಿಟಿಯ ಒಟ್ಟು ರೋಧವೇ 10 ನ್ಯಾನೋ ಓಮ್. 400 ಮಿಲಿಗಾಸ್ ಪೂರ್ತಿ ಸಿಕ್ಕಿಕೊಂಡರೆ 140 ನ್ಯಾನೋ ಓಮ್ ಸೇರಿ ಕ್ಯೂ-ಸೊನ್ನೆ 2×10⁹ಕ್ಕಿಂತ ಕೆಳಗೆ ಬೀಳುತ್ತದೆ. ಹಂತ 1ರ 10 ವ್ಯಾಟ್ ನೂರು ದಾಟುತ್ತದೆ.

ಅದಕ್ಕೆ ಕ್ಯಾವಿಟಿ ಸುತ್ತ ಮ್ಯೂ-ಮೆಟಲ್ ಜಾತಿಯ, ಅಂದರೆ ಆಯಸ್ಕಾಂತ ಕ್ಷೇತ್ರವನ್ನು ತಡೆಯುವ ಮಿಶ್ರಲೋಹದ ಹೊದಿಕೆ ಬೇಕು. ಎಲ್‌ಸಿಎಲ್‌ಎಸ್-2ರಲ್ಲಿ 5 ಮಿಲಿಗಾಸ್‌ಗಿಂತ ಕಡಿಮೆ ಎಂಬ ಗುರಿ ಇತ್ತು. ಈ ಹೊದಿಕೆಯನ್ನು ಹದ ಮಾಡಿದ ಮೇಲೆ ಬಗ್ಗಿಸಬಾರದು, ಬೀಳಿಸಬಾರದು, ಗುಣ ಹೋಗುತ್ತದೆ.

ಬೋಲ್ಟ್, ವಾಷರ್‌ಗಳ ಮೇಲೂ ಕಣ್ಣಿಡಿ. ಸ್ಟೇನ್‌ಲೆಸ್ ಅಂತ ಎಸ್‌ಜೆಪಿ ರಸ್ತೆಯಿಂದ ತಂದರೂ ಹೊರದೇಶದಿಂದ ತರಿಸಿದರೂ, ಒಂದೊಂದಕ್ಕೂ ಆಯಸ್ಕಾಂತ ಹಿಡಿದು ನೋಡಿ. ವೆಲ್ಡಿಂಗ್ ಆದ ಜಾಗದಲ್ಲೂ ನೋಡಿ. ಕ್ಯಾವಿಟಿಗೆ ಹತ್ತಿರ ಇರುವ ಯಾವುದೂ ಅಂಟಬಾರದು.

ಹಂತ 7: ಅಲುಗಾಟ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. 1.3 ಗಿಗಾಹರ್ಟ್ಸ್ ಕ್ಯಾವಿಟಿ ಉದ್ದದಲ್ಲಿ ಒಂದು ಮೈಕ್ರಾನ್ ಬದಲಾದರೆ ಅದರ ಶ್ರುತಿ ಸುಮಾರು 300 ಹರ್ಟ್ಸ್ ಸರಿಯುತ್ತದೆ. ಸದಾ ಓಡುವ ಯಂತ್ರದಲ್ಲಿ ಸಹಿಸಬಹುದಾದ್ದು ಹತ್ತಾರು ಹರ್ಟ್ಸ್ ಮಾತ್ರ. ಪಂಪ್‌ಗಳನ್ನು ಮಾಡ್ಯೂಲ್‌ಗೆ ನೇರ ಬಿಗಿಯಬೇಡಿ. ಹೀಲಿಯಂ ಒತ್ತಡ ಏರಿಳಿದರೂ ಶ್ರುತಿ ಸರಿಯುತ್ತದೆ, ಅದನ್ನು ಸ್ಥಿರವಾಗಿಡಿ. ಟ್ಯೂನರ್, ಅಂದರೆ ಕ್ಯಾವಿಟಿಯನ್ನು ಎಳೆದು ಶ್ರುತಿ ಮಾಡುವ ಸಾಧನ, ಮೋಟಾರ್ ಕೆಟ್ಟರೆ ಕೈಗೆ ಸಿಗುವ ಹಾಗೆ ಹೊರಗಿನ ವೆಸೆಲ್‌ನಲ್ಲಿ ಒಂದು ಕಿಟಕಿ ಇಡಿ.

ಹಂತ 8: ಸುರಕ್ಷತಾ ವಾಲ್ವ್

ಈ ಹಂತದಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಇದು ಜನರ ಜೀವದ ವಿಷಯ.

ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ವ್ಯಾಕ್ಯೂಮ್ ಇದ್ದಕ್ಕಿದ್ದ ಹಾಗೆ ಹೋದರೆ ಏನಾಗುತ್ತದೆ? ಗಾಳಿ ನುಗ್ಗಿ ತಣ್ಣನೆಯ ಗೋಡೆಯ ಮೇಲೆ ಹೆಪ್ಪುಗಟ್ಟುತ್ತದೆ. ಗೋಡೆ ಬರಿದಾಗಿದ್ದರೆ ಚದರ ಮೀಟರಿಗೆ 38 ಕಿಲೋವ್ಯಾಟ್ ಶಾಖ ಹೀಲಿಯಂಗೆ ಬೀಳುತ್ತದೆ. ಎಂಎಲ್‌ಐ ಸುತ್ತಿದ್ದರೆ ಸುಮಾರು 6 ಕಿಲೋವ್ಯಾಟ್. ಎಂಎಲ್‌ಐ ಇದರಲ್ಲೂ ಕಾಪಾಡುತ್ತದೆ. ಆದರೆ ಕ್ಯಾವಿಟಿಯ ಒಳಮೈ ಬರಿದೇ ಇರುತ್ತದೆ. ಕಣಗಳು ಹೋಗುವ ಕೊಳವೆಯ ವ್ಯಾಕ್ಯೂಮ್ ಹೋದರೆ 38ರ ಅಂಕಿಯೇ ಹಿಡಿಯಬೇಕು. ಒಂದು ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2 ಕಿಲೋ ಹೀಲಿಯಂ ಆವಿಯಾಗುತ್ತದೆ. ವಾಲ್ವ್, ಬರ್ಸ್ಟ್ ಡಿಸ್ಕ್, ಅಲ್ಲಿಗೆ ಹೋಗುವ ಪೈಪ್ ಎಲ್ಲವೂ ಅಷ್ಟನ್ನು ಬಿಡಬೇಕು. ಬರ್ಸ್ಟ್ ಡಿಸ್ಕ್ ಅಂದರೆ ಇಂತಿಷ್ಟು ಒತ್ತಡಕ್ಕೆ ಹರಿದು ದಾರಿ ಕೊಡುವ ತೆಳು ಲೋಹದ ಬಿಲ್ಲೆ.

ಹೊರಗಿನ ವ್ಯಾಕ್ಯೂಮ್ ವೆಸೆಲ್‌ಗೂ ಬೇರೆ ವಾಲ್ವ್ ಬೇಕು. ಸೆಪ್ಟೆಂಬರ್ 19, 2008ರಂದು ಯುರೋಪಿನ ಸರ್ನ್ ಪ್ರಯೋಗಾಲಯದ ದೊಡ್ಡ ಆಕ್ಸಿಲರೇಟರ್ ಎಲ್‌ಎಚ್‌ಸಿಯಲ್ಲಿ ಎರಡು ಮ್ಯಾಗ್ನೆಟ್ ನಡುವಿನ ವಿದ್ಯುತ್ ಜೋಡಣೆ ಕೆಟ್ಟು ಹೀಲಿಯಂ ಪೈಪ್ ತೂತಾಯಿತು. ಹೀಲಿಯಂ ವ್ಯಾಕ್ಯೂಮ್ ಜಾಗಕ್ಕೆ ನುಗ್ಗಿತು. ಅಲ್ಲಿದ್ದ ವಾಲ್ವ್‌ಗಳು ಅಷ್ಟು ಹರಿವಿಗೆ ಸಾಲಲಿಲ್ಲ. ಒತ್ತಡಕ್ಕೆ ಟನ್‌ಗಟ್ಟಲೆ ತೂಕದ ಮ್ಯಾಗ್ನೆಟ್‌ಗಳು ಜಾಗ ಬಿಟ್ಟು ಸರಿದವು. ಸುಮಾರು 6 ಟನ್ ಹೀಲಿಯಂ ಹೋಯಿತು. ಆಮೇಲೆ ಅವರು ದೊಡ್ಡ ವಾಲ್ವ್‌ಗಳನ್ನು ಸೇರಿಸಿದರು. ಅಷ್ಟು ಅನುಭವಿಗಳು ಹಾಕಿದ ಅಂದಾಜೂ ಕಡಿಮೆ ಬಿದ್ದಿತ್ತು ಅನ್ನುವುದನ್ನು ನಿಮ್ಮ ಲೆಕ್ಕದ ಮೊದಲ ಪುಟದಲ್ಲಿ ಬರೆದಿಡಿ.

ಕೋಣೆಯ ಗಾಳಿಯ ಲೆಕ್ಕವೂ ಸೇರಿಸಿ. ಒಂದು ಲೀಟರ್ ದ್ರವ ಹೀಲಿಯಂ ಸುಮಾರು 700 ಲೀಟರ್ ಅನಿಲ ಆಗುತ್ತದೆ. ಅದು ಮೇಲೆ ಸೂರಿನ ಕಡೆ ಹೋಗುತ್ತದೆ. ತಣ್ಣನೆಯ ನೈಟ್ರೋಜನ್ ನೆಲದ ಮೇಲೆ ಹರಿದು ಗುಂಡಿಯಲ್ಲಿ ನಿಲ್ಲುತ್ತದೆ. ಎರಡಕ್ಕೂ ಬಣ್ಣ ಇಲ್ಲ, ವಾಸನೆ ಇಲ್ಲ. ಆಮ್ಲಜನಕ 19.5 ಶೇಕಡಕ್ಕಿಂತ ಇಳಿದರೆ ಕೂಗುವ ಅಲಾರಂ ಮೇಲೊಂದು ಕೆಳಗೊಂದು ಇಡಿ. ಒಬ್ಬರೇ ಕೆಲಸ ಮಾಡಬೇಡಿ. ಯಾರಾದರೂ ಕುಸಿದು ಬಿದ್ದರೆ ಸುಮ್ನೆ ಒಳಗೆ ಓಡಬೇಡಿ, ಗಾಳಿ ಆಡುವಂತೆ ಮಾಡಿ, ಸಹಾಯ ಕರೆಯಿರಿ.

ಹಂತ 9: ವರ್ಕ್‌ಶಾಪ್‌ನಲ್ಲಿ

ಪೀಣ್ಯದ ಟಿಗ್ ವೆಲ್ಡರ್‌ಗಳ ಕೈಕೆಲಸ ನಾನು ತುಂಬಾ ನೋಡಿದ್ದೇನೆ, ಅದರ ಮೇಲೆ ಗೌರವ ಇದೆ. ಆದರೆ ವ್ಯಾಕ್ಯೂಮ್ ವೆಲ್ಡಿಂಗ್ ಬೇರೆ ಅಭ್ಯಾಸ ಬೇಡುತ್ತದೆ. ಗಟ್ಟಿಯಾಗಿರಲಿ ಅಂತ ಒಳಗೂ ಹೊರಗೂ ಪೂರ್ತಿ ವೆಲ್ಡ್ ಮಾಡಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಆ ಗಾಳಿ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಬರುತ್ತಲೇ ಇರುತ್ತದೆ. ಇದು ಹುಸಿ ಲೀಕ್. ಹೊರಗಿಂದ ಹೀಲಿಯಂ ಊದಿ ಹುಡುಕಿದರೆ ಸಿಗುವುದೇ ಇಲ್ಲ. ನನ್ನದೇ ಒಂದು ಡ್ರಾಯಿಂಗ್‌ನಲ್ಲಿ ಈ ಸೂಚನೆ ಬರೆಯದೆ ಮೂರು ವಾರ ಹುಡುಕಿದ್ದೇವೆ. ನಿಯಮ: ಪೂರ್ತಿ ವೆಲ್ಡ್ ವ್ಯಾಕ್ಯೂಮ್ ಕಡೆಗೆ. ಹೊರಗೆ ಬಲಕ್ಕೆ ಬೇಕಿದ್ದರೆ ಬಿಟ್ಟು ಬಿಟ್ಟು. ವ್ಯಾಕ್ಯೂಮ್ ಒಳಗಿನ ಮುಚ್ಚಿದ ತೂತುಗಳಿಗೆ ಹಾಕುವ ಬೋಲ್ಟ್‌ಗೆ ನಡುವೆ ತೂತು ಕೊರೆದಿರಬೇಕು.

ಪ್ರತಿ ತುಂಡನ್ನೂ ಜೋಡಿಸುವ ಮುಂಚೆಯೇ ಲೀಕ್ ಟೆಸ್ಟ್ ಮಾಡಿ. ಹೀಲಿಯಂ ಲೀಕ್ ಡಿಟೆಕ್ಟರ್‌ನಲ್ಲಿ 10⁻⁹ ಮಿಲಿಬಾರ್-ಲೀಟರ್ ಪ್ರತಿ ಸೆಕೆಂಡಿಗಿಂತ ಕಡಿಮೆ ಬರಬೇಕು. ಆಮೇಲೆ ದ್ರವ ನೈಟ್ರೋಜನ್‌ನಲ್ಲಿ ಅದ್ದಿ, ಬಿಸಿ ಆಗಲು ಬಿಟ್ಟು, ಮತ್ತೆ ಟೆಸ್ಟ್ ಮಾಡಿ. ಬಿಸಿಯಲ್ಲಿ ಸರಿ ಇದ್ದ ವೆಲ್ಡ್ ಚಳಿಗೆ ಬಾಯಿ ಬಿಡುವುದು ಉಂಟು. ದ್ರವ ನೈಟ್ರೋಜನ್, ದ್ರವ ಹೀಲಿಯಂ ವಿಷಯದಲ್ಲಿ ಬೆಂಗಳೂರಿಗೆ ಅನುಕೂಲ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕೆಂದೇ ಕ್ರಯೋಜೆನಿಕ್ ತಂತ್ರಜ್ಞಾನ ಕೇಂದ್ರ ಇದೆ. ಅಲ್ಲಿಯವರ ಸಲಹೆಯನ್ನು ಕಾಲೇಜಿನ ಮೂಲಕ ಕೇಳಿ.

ಮಳೆಗಾಲದಲ್ಲಿ ಎಂಎಲ್‌ಐ ಸುತ್ತಿ ತೆರೆದಿಡಬೇಡಿ. ನೂರಾರು ಚದರ ಮೀಟರ್ ಹಾಳೆ ತೇವ ಹೀರಿಕೊಂಡರೆ ಪಂಪ್ ದಿನಗಟ್ಟಲೆ ನೀರನ್ನೇ ಎಳೆಯುತ್ತದೆ.

ಹಂತ 10: ಮೊದಲ ಕೂಲ್‌ಡೌನ್

ವ್ಯಾಕ್ಯೂಮ್ 10⁻⁴ ಮಿಲಿಬಾರ್‌ಗಿಂತ ಕೆಳಗೆ ಬಂದ ಮೇಲೆಯೇ ತಣ್ಣಗೆ ಮಾಡಲು ಶುರು ಮಾಡಿ. ಗೋಡೆಗಳು ತಣ್ಣಗಾದ ಮೇಲೆ ಉಳಿದ ಗಾಳಿಯನ್ನು ಅವೇ ಹಿಡಿದುಕೊಂಡು 10⁻⁶ಕ್ಕೆ ಇಳಿಸುತ್ತವೆ. ಹೀಲಿಯಂ ಮಾತ್ರ ಹೀಗೆ ಅಂಟುವುದಿಲ್ಲ. ತಣ್ಣಗಾದ ಮೇಲೂ ವ್ಯಾಕ್ಯೂಮ್ ಹಾಳಾಗುತ್ತಿದ್ದರೆ ಒಳಗಿನ ಹೀಲಿಯಂ ಪೈಪ್ ಸೋರುತ್ತಿದೆಯೇ ಅಂತ ಮೊದಲು ನೋಡಿ.

ಶೀಲ್ಡ್ ಮತ್ತು ದೊಡ್ಡ ಪೈಪ್‌ಗಳನ್ನು ನಿಧಾನವಾಗಿ ಇಳಿಸಿ. ಮೇಲೆ ಬಿಸಿ ಕೆಳಗೆ ತಣ್ಣಗೆ ಇದ್ದರೆ ಪೈಪ್ ಬಾಳೆಕಾಯಿಯ ಹಾಗೆ ಬಾಗುತ್ತದೆ. ಆದರೆ ಕ್ಯಾವಿಟಿಯನ್ನು 150ರಿಂದ 50 ಕೆಲ್ವಿನ್ ನಡುವೆ ತುಂಬಾ ಹೊತ್ತು ನಿಲ್ಲಿಸಬೇಡಿ. ನಿಯೋಬಿಯಂ ಒಳಗೆ ಹೈಡ್ರೋಜನ್ ಉಳಿದಿದ್ದರೆ ಈ ತಾಪಮಾನದಲ್ಲಿ ಅದು ಗಂಟುಕಟ್ಟಿ ಕ್ಯೂ-ಸೊನ್ನೆಯನ್ನು ಕೆಡಿಸುತ್ತದೆ. ಒಂದು ಕಡೆ ನಿಧಾನ, ಇನ್ನೊಂದು ಕಡೆ ಅವಸರ. ಅದಕ್ಕೇ ಎರಡಕ್ಕೂ ಬೇರೆ ಬೇರೆ ಹೀಲಿಯಂ ದಾರಿ, ಬೇರೆ ವಾಲ್ವ್ ಹಂತ 3ರಲ್ಲೇ ಇಟ್ಟಿರಬೇಕು.

ಹೀಲಿಯಂ ತುಂಬಿದ ಮೇಲೆ, ರೇಡಿಯೋ ಶಕ್ತಿ ಕೊಡುವ ಮುಂಚೆ ಒಂದು ದಿನ ಸುಮ್ಮನೆ ಬಿಡಿ. ಎಲ್ಲಾ ತಾಪಮಾನ ನೆಲೆನಿಂತ ಮೇಲೆ ತುಂಬುವ ವಾಲ್ವ್ ಮುಚ್ಚಿ, ಹೊರಬರುವ ಅನಿಲವನ್ನು ಫ್ಲೋಮೀಟರ್‌ನಲ್ಲಿ ಅಳೆಯಿರಿ. 4 ಕೆಲ್ವಿನ್ ಹತ್ತಿರ ಇದ್ದಾಗ, ಬೆಂಗಳೂರಿನ ಒತ್ತಡದಲ್ಲಿ ಒಂದು ವ್ಯಾಟ್‌ಗೆ ನಿಮಿಷಕ್ಕೆ ಸುಮಾರು 17 ಲೀಟರ್ ಅನಿಲ ಬರುತ್ತದೆ. ಅದನ್ನು ಹಂತ 2ರ ಮೂರನೇ ಕಾಲಂ ಪಕ್ಕ ಬರೆಯಿರಿ. ಒಂದೂವರೆ ಪಟ್ಟಿನೊಳಗೆ ಇದ್ದರೆ ಮುಂದಕ್ಕೆ ಹೋಗಿ. ಎರಡು ಪಟ್ಟು ಬಂದರೆ ಈ ಕ್ರಮದಲ್ಲಿ ಹುಡುಕಿ: ಇಂಟರ್‌ಸೆಪ್ಟ್‌ನ ತಾಮ್ರದ ಪಟ್ಟಿ ಸಡಿಲವಾಗಿದೆಯೇ, ಶೀಲ್ಡ್ ಕುಗ್ಗಿ ಹೀಲಿಯಂ ವೆಸೆಲ್‌ಗೆ ಎಲ್ಲಾದರೂ ತಗಲಿದೆಯೇ, ಎಂಎಲ್‌ಐ ಅಂಚು ಒಳಗೆ ಮಡಚಿದೆಯೇ, ವೈರ್‌ಗಳನ್ನು ಶೀಲ್ಡ್‌ಗೆ ಅಂಟಿಸಿದ್ದು ಕಿತ್ತಿದೆಯೇ. ಶೀಲ್ಡ್‌ನ ಸೆನ್ಸರ್‌ಗಳಲ್ಲಿ ಯಾವುದೋ ಒಂದು ಮಾತ್ರ ಉಳಿದವಕ್ಕಿಂತ ಜಾಸ್ತಿ ತಣ್ಣಗಿದ್ದರೆ, ತಗಲಿರುವ ಜಾಗ ಅದರ ಹತ್ತಿರವೇ ಇರುತ್ತದೆ. ಬಿಚ್ಚುವಾಗ ಅಲ್ಲಿಂದ ಶುರು ಮಾಡಿ.